ಕೆಸರಣ್ಣನೂ ಕೆಂಪು ಪಟವೂ

ಕಾಲುವೆಗೆ ನೀರು ಬಿಡುವ ಆ ನೌಕರನಿಗೆ ಹೆತ್ತವರಿಟ್ಟ ಹೆಸರು ಕಚೇರಿಯ ಕಡತದಲ್ಲಷ್ಟೇ ಉಳಿದಿತ್ತು. ಮಡಚಿದ ಪ್ಯಾಂಟು ಮೊಣಕಾಲಿನಿಂದ ಕೆಳಗಿಳಿದದ್ದನ್ನು ಯಾರೂ ಕಂಡಿರಲಿಲ್ಲ, ಹಾಗಾಗಿ ಎಲ್ಲರಿಗೂ ಅವನು ಕೆಸರಣ್ಣ. ಮೂವತ್ತೊಂದು ವರ್ಷ ಬದುಗಳ ಮೇಲೆ ನಡೆದವನು. ಮಣ್ಣಿಗೆ ಹೆಬ್ಬೆರಳು ಒತ್ತಿ ನೋಡಿ, ಯಾವ ತೂಬನ್ನು ಎಷ್ಟು ಹೊತ್ತು ಎತ್ತಬೇಕೆಂದು ಹೇಳಿಬಿಡುತ್ತಿದ್ದ. ಅಂಥವನ ತಲೆಯ ಮೇಲೆ ಬಂದು ಕೂತರಲ್ಲ ಹೊಸ ಸಾಹೇಬರು, ಬೂಟಿಗೆ ಧೂಳು ತಾಗಿದರೆ ದಿನವಿಡೀ ಮುಖ ಸಿಂಡರಿಸುವ ಪುಣ್ಯಾತ್ಮರು!

ಸಾಹೇಬರಿಗೆ ಗದ್ದೆ ಬೇಡ, ಗದ್ದೆಯ ಪಟ ಸಾಕು. ಕಚೇರಿಯಲ್ಲಿ ನಕ್ಷೆ ಮಾಡುವ ಹುಡುಗಿ, ಉಪಗ್ರಹ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟಳು. ಕಾಲುವೆಯ ಮೇಲ್ತುದಿಯ ಗದ್ದೆಗಳೆಲ್ಲ ಕೆಂಪು, ಕೊನೆಯವು ನೀಲಿ ಬೆರೆತ ಹಸಿರು.

“ಅಯ್ಯೋ, ಮೇಲೆಲ್ಲ ಸುಟ್ಟುಹೋಗಿದೆ! ಈ ಸರದಿ ನೀರು ಪೂರ್ತಿ ಅಲ್ಲಿಗೇ ಬಿಡಿ. ಕೊನೆಯವರದು ಹಸಿರಾಗಿದೆ, ತೂಬು ಮುಚ್ಚಿ,” ಎಂದರು ಸಾಹೇಬರು.

“ಸಾರ್, ಈ ಚಿತ್ರದಲ್ಲಿ ಚೆನ್ನಾಗಿರೋ ಬೆಳೆನೇ ಕೆಂಪಗೆ ಕಾಣೋದು. ಒಣಗ್ತಿರೋದು ಹೀಗೆ ನೀಲಿ-ಹಸಿರು,” ಎಂದಳು ಹುಡುಗಿ.

“ಕೆಂಪು ಅಂದ್ರೆ ಅಪಾಯ ಅಂತ ಸಿಗ್ನಲ್ ದೀಪ ನೋಡಿದ ಮಗೂಗೂ ಗೊತ್ತಮ್ಮ. ನಂಗೇ ಪಾಠ ಹೇಳ್ತೀಯಾ?”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಬಾಗಿಲ ಬಳಿ ನಿಂತಿದ್ದ ಕೆಸರಣ್ಣ ಮುಂದೆ ಬಂದ. ಕಾಲುವೆಯ ಕಟ್ಟಕಡೆಗೆ ಅವನ ಅಕ್ಕನ ಗದ್ದೆ. ಭತ್ತ ಹೊಡೆ ತುಂಬಿ, ಇನ್ನೇನು ತೆನೆ ಹೊರಬರುವಂತೆ ನಿಂತಿತ್ತು; ಈ ಸರದಿ ತಪ್ಪಿದರೆ ತೆನೆಯೆಲ್ಲ ಜೊಳ್ಳು.

“ಒಂದ್ಸಲ ಬಂದು ನೋಡಿ ಸಾರ್, ನೆಲ ಬಿರುಕು ಬಿಟ್ಟಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

“ಉಪಗ್ರಹಕ್ಕೆ ಕಾಣದ್ದು ನಿನ್ನ ಕಣ್ಣಿಗೆ ಕಾಣುತ್ತೇನಯ್ಯಾ?”

ಸಾಹೇಬರು ಆದೇಶಕ್ಕೆ ಸಹಿ ಜಡಿದು ಫ್ಯಾನಿನ ಕೆಳಗೆ ಕೂತರು. ಮೇಲಿನ ಗದ್ದೆಯವರೋ, ಮೊದಲೇ ತುಂಬಿ ತುಳುಕುತ್ತಿದ್ದ ನೀರನ್ನು ಬದು ಒಡೆದು ಹಳ್ಳಕ್ಕೆ ಬಿಡುತ್ತಿದ್ದರು. ಅದನ್ನು ನೋಡಿ ಕೆಸರಣ್ಣನ ಹೊಟ್ಟೆ ಉರಿದುಹೋಯಿತು. ನೆಟ್ಟಗೆ ಕೊನೆಯ ತೂಬಿಗೆ ನಡೆದ.

ಅಕ್ಕ ಅಲ್ಲೇ ನಿಂತಿದ್ದಳು. “ಬೇಡ ಕಣೋ, ಕೆಲಸ ಹೋಗುತ್ತೆ.”

“ಹೋದ್ರೆ ಹೋಗ್ಲಿ ಬಿಡಕ್ಕ. ಆ ಮಹಾಶಯನ ಮಾತು ಕೇಳಿ ಪೈರು ಸಾಯಿಸಿದ್ರೆ ನಂಗೆ ಅನ್ನ ಇಳಿಯುತ್ತಾ?” ಎನ್ನುತ್ತ ತೂಬು ಎತ್ತಿದ. ಮೂರು ದಿನ ಇಳಿಸಲಿಲ್ಲ.

ಹದಿನೈದು ದಿನಕ್ಕೆ ಹೊಸ ಚಿತ್ರ ಬಂತು. ಸಾಹೇಬರು ಮೇಜು ಗುದ್ದಿದರು. “ನೋಡಯ್ಯಾ ನಿನ್ನ ಘನಕಾರ್ಯ! ಹಸಿರಾಗಿದ್ದ ಗದ್ದೇನೆಲ್ಲ ಕೆಂಪು ಮಾಡಿಟ್ಟಿದೀಯ!” ಅಮಾನತಿನ ಕಾಗದ ಅವನತ್ತ ಹಾರಿ ಬಂತು.

ಹುಡುಗಿ ಬಾಯಿ ತೆರೆಯಹೋದಳು. ಕೆಸರಣ್ಣ ಬೇಡವೆಂದು ತಲೆಯಾಡಿಸಿ, ಪರದೆಯ ಮೇಲಿನ ಅಕ್ಕನ ಗದ್ದೆಯನ್ನು ಕಣ್ತುಂಬ ನೋಡಿದ. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟುಕೊಂಡ.

“ಈ ಮೂಲೆ ಇನ್ನೊಂಚೂರು ಕೆಂಪಾಗ್ಬೇಕಿತ್ತು ಸಾರ್. ಎರಡು ದಿನ ತಡವಾಗಿ ಅಮಾನತು ಮಾಡಿದ್ರೆ ಅದನ್ನೂ ಮಾಡಿ ಹೋಗ್ತಿದ್ದೆ.”