ಗುಬ್ಬಿಯಿಂದ ಆಕ್ಲೆಂಡಿಗೆ ಬಂದ ಖಾಲಾ

ಖಾಲಾ ಅವರ ಅಂಗೈಗಳು ಅಗಲವಾಗಿ, ಚಳಿಗಾಲದಲ್ಲೂ ಬೆಚ್ಚಗಿರುತ್ತಿದ್ದವು. ಹತ್ತಿರ ಬಂದರೆ ಹರಳೆಣ್ಣೆಯ ವಾಸನೆ. ಗುಬ್ಬಿಯ ನಮ್ಮ ಬೀದಿಯಲ್ಲಿ ಕೂಸು ಯಾವ ಮನೆಯದಾದರೂ ಎಣ್ಣೆ ಹಚ್ಚಿ ನೀರು ಹಾಕುವವರು ಅವರೇ. ಅವರದು ಮುಸ್ಲಿಮರ ಮನೆ, ಪಕ್ಕದ್ದು ನಮ್ಮದು. ಅವರ ಅಕ್ಕನ ಮಕ್ಕಳು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು.

ಪ್ರಯಾಣವೆಂದರೆ ಅವರಿಗೆ ಎದೆ ಡವಡವ. ತುಮಕೂರಿನ ಬಸ್ಸಿನಲ್ಲೂ ಬಾಗಿಲ ಪಕ್ಕದ ಸೀಟೇ ಬೇಕು. "ಇನ್ನೂ ಎಷ್ಟ್ ದೂರ ಐತಪ್ಪಾ?" ಎಂದು ಕಂಡಕ್ಟರನ್ನು ಕೇಳಿ ಕೇಳಿ ಸುಸ್ತು ಮಾಡುತ್ತಿದ್ದರು. ಕುಣಿಗಲ್‌ನಲ್ಲಿದ್ದ ತಂಗಿಯ ಮನೆಗೂ ಒಬ್ಬರೇ ಹೋದವರಲ್ಲ.

ಮದುವೆಯಾಗಿ ನಾನು ನ್ಯೂಜಿಲೆಂಡಿಗೆ ಬಂದೆ. ಗಂಡನಿಗೆ ಆಕ್ಲೆಂಡಿನ ಹತ್ತಿರ ಹಸುಗಳ ಫಾರ್ಮಿನಲ್ಲಿ ಕೆಲಸ. ಬಸುರಿಯಾದಾಗ ಬಾಣಂತನಕ್ಕೆ ಯಾರೂ ಇರಲಿಲ್ಲ. ಅಮ್ಮ ತೀರಿಕೊಂಡಿದ್ದಳು, ಅತ್ತೆ ಹಾಸಿಗೆ ಹಿಡಿದಿದ್ದರು. ಫೋನಿನಲ್ಲಿ ನಾನು ಅತ್ತಾಗ ಖಾಲಾ ಅಂದರು: "ನಾನ್ ಬರ್ತೀನಿ ಬುಡು."

ನನ್ನ ಗಂಡ ಗಾಬರಿಯಾಗಿ ವಿವರಿಸಿದರು. ಹನ್ನೊಂದೂವರೆ ಸಾವಿರ ಕಿಲೋಮೀಟರ್. ಸಿಂಗಾಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿ ಒಬ್ಬರೇ ವಿಮಾನ ಬದಲಿಸಬೇಕು, ಆಮೇಲೆ ಮತ್ತೆ ಹತ್ತು ಗಂಟೆ.

"ಕೂತ್ಕೊಂಡೇ ತಾನೇ ಬರೋದು? ನಡ್ಕೊಂಡ್ ಬಾ ಅಂದಿಲ್ವಲ್ಲ," ಎಂದರು ಖಾಲಾ. ಆ ಧ್ವನಿಯಲ್ಲಿದ್ದ ನಡುಕ ನನಗೆ ಗೊತ್ತಾಯಿತು.

ಬೆಂಗಳೂರಿನಿಂದ ವಿಮಾನ ತಡವಾಗಿ ಹೊರಟಿತೆಂದು ಅವರ ಮಗ ತಿಳಿಸಿದ. ಆಮೇಲೆ ಅವರ ಫೋನು ಹತ್ತಲೇ ಇಲ್ಲ. ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ತುಂಬು ಹೊಟ್ಟೆ ಹೊತ್ತು ನಿಂತೆ. ಜನರೆಲ್ಲ ಹೊರಬಂದು ಬಾಗಿಲು ಖಾಲಿಯಾಯಿತು. ಖಾಲಾ ಇಲ್ಲ. ವಿಚಾರಿಸಿದರೆ, ಅವರು ಸಿಂಗಾಪುರದಲ್ಲಿ ಈ ವಿಮಾನ ಹತ್ತೇ ಇಲ್ಲವಂತೆ. ಗುಬ್ಬಿಯಿಂದಾಚೆ ಒಬ್ಬರೇ ಹೋಗದವರನ್ನು ನನ್ನ ಸುಖಕ್ಕಾಗಿ ಎಲ್ಲಿ ಕಳೆದುಬಿಟ್ಟೆ?

ಆಗ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಯಾರೋ ಪುಣ್ಯಾತ್ಗಿತ್ತಿ ತನ್ನ ಫೋನು ಕೊಟ್ಟಿದ್ದಳು. "ವಿಮಾನ ತಪ್ಪೋಯ್ತು ಕಣೇ. ಮುಂದಿನ್ದಕ್ಕೆ ಹತ್ತಿಸ್ತಾರಂತೆ. ನೀನ್ ಅಳ್ಬ್ಯಾಡ, ಹೊಟ್ಟೆ ಮಗೀಗೆ ಆಗಲ್ಲ."

ಮರುದಿನ ಬಂದರು. ಕಸ್ಟಮ್ಸಿನವರು ಬಾಣಂತಿ ಲೇಹ್ಯದ ಡಬ್ಬಿಗಳನ್ನೆಲ್ಲ ತೆಗೆದಿಟ್ಟುಕೊಂಡಿದ್ದರಿಂದ ಬ್ಯಾಗು ಜೋತುಬಿದ್ದಿತ್ತು. ತುಟಿ ಒಡೆದು ಬಿರುಕುಬಿಟ್ಟಿತ್ತು. ನೀರನ್ನೇ ಕುಡಿದಿರಲಿಲ್ಲವಂತೆ. "ಕುಡುದ್ರೆ ಬಾತ್ರೂಮಿಗೆ ಎದ್ದೋಗ್ಬೇಕು. ಅಷ್ಟ್ರಲ್ಲಿ ಇದೂ ಹೊಂಟೋದ್ರೆ ನಿನ್ ಗತಿ ಏನು?" ಸಿಂಗಾಪುರದಲ್ಲಿ ಅಷ್ಟು ಹೊತ್ತೂ ಪಾಸ್‌ಪೋರ್ಟ್ ಹಿಡಿದು ಗೇಟಿನೆದುರು ಕೂತಿದ್ದರು.

ಮಗಳು ಹುಟ್ಟಿದಾಗ ನರ್ಸ್ ಕೂಸನ್ನು ಮೊದಲು ಕೊಟ್ಟಿದ್ದು ಖಾಲಾ ಕೈಗೆ, ನನಗೆ ಎಚ್ಚರವಿರಲಿಲ್ಲ. ಮೂರು ತಿಂಗಳು ಇದ್ದು ನಮ್ಮಿಬ್ಬರನ್ನೂ ಗಟ್ಟಿ ಮಾಡಿ ಹೊರಟರು. ಮನೆ ಸೇರಿದೆ ಎಂದು ಅವರು ಹೇಳುವವರೆಗೂ ನಾನು ಅನ್ನ ಮುಟ್ಟಲಿಲ್ಲ.

ಹೋದ ವರ್ಷ ಅವರ ಮಗನ ಫೋನು ಬಂತು. ಖಾಲಾ ಹೋಗಿಬಿಟ್ಟಿದ್ದರು, ಅಂದು ಸಂಜೆಯೇ ಮಣ್ಣು. ನಾನು ಟಿಕೆಟ್ ನೋಡತೊಡಗಿದೆ.

"ಹೋಗೋಷ್ಟ್ರಲ್ಲಿ ಎಲ್ಲಾ ಮುಗ್ದಿರುತ್ತಲ್ಲೇ," ಎಂದರು ಗಂಡ, ಮೆಲ್ಲಗೆ.

"ಮುಗೀಲಿ," ಎಂದೆ.

ಗುಬ್ಬಿಯಲ್ಲಿ ಖಾಲಾ ಮನೆಯ ಹೆಂಗಸರು ಸರಿದು ಚಾಪೆಯ ಮೇಲೆ ಜಾಗ ಕೊಟ್ಟರು. ಮಗಳನ್ನು ಅವರ ನಡುವೆ ಕೂರಿಸಿ ಹೇಳಿದೆ: "ನಿನ್ನನ್ನ ಎಲ್ಲರಿಗಿಂತ ಮೊದಲು ಎತ್ಕೊಂಡೋರ ಮನೆ ಇದು ಕಣೇ."