ಸಾರ್ಜನ್ ಎತ್ತಿ ಹಿಡಿದ ಚೆಕ್ಕು

ಕಳೆದ ವಾರ ಕೌಲಾಲಂಪುರದ ಹತ್ತಿರದ ಕ್ಲಾಂಗ್ ಬಂದರಿನ ನಮ್ಮ ಆಫೀಸಿಗೆ ಒಂದು ದೊಡ್ಡ ಚೆಕ್ಕು ಬಂತು. ನಿಜವಾದದ್ದಲ್ಲ. ಹಗುರವಾದ ಬೋರ್ಡಿನ ಮೇಲೆ ಅಚ್ಚು ಹಾಕಿಸಿದ, ಇಬ್ಬರು ಸೇರಿ ಹಿಡಿಯಬೇಕಾದಷ್ಟು ಅಗಲದ ಚೆಕ್ಕು. ಈ ದೇಶದಲ್ಲಿ ಯಾರು ಯಾರಿಗೆ ಏನು ಕೊಟ್ಟರೂ ಇಂಥದ್ದೊಂದರ ಎರಡು ತುದಿ ಹಿಡಿದು ಫೋಟೊ ತೆಗೆಸಿಕೊಳ್ಳದೆ ಹೋದರೆ ಕೊಟ್ಟ ಹಾಗಾಗುವುದಿಲ್ಲ. ನಮ್ಮ ಕಂಪನಿ ಒಂದು ಅನಾಥಾಲಯಕ್ಕೆ ಅಕ್ಕಿ, ಎಣ್ಣೆ ಕೊಡುವುದಿತ್ತು. ಅಕ್ಕಿ, ಎಣ್ಣೆ ಇನ್ನೂ ಗೋದಾಮಿನಲ್ಲೇ ಕೂತಿದ್ದವು, ಚೆಕ್ಕು ಮಾತ್ರ ಬಂದಿತ್ತು. ಸುತ್ತಿದ ಪ್ಲಾಸ್ಟಿಕ್ ಬಿಚ್ಚಿದ ಕೂಡಲೇ ಹಸಿ ಬಣ್ಣವೂ ಅಂಟೂ ಕಲೆತ ವಾಸನೆ ಮೂಗಿಗೆ ಬಡಿಯಿತು. ಮ್ಯಾನೇಜರು ಒಂದು ತುದಿ ಹಿಡಿಯಲು ಕರೆದರು. ತಲೆನೋವು ಎಂದು ಹೇಳಿ ಹೊರಗೆ ಬಂದೆ. ತಲೆನೋವೇನೂ ಇರಲಿಲ್ಲ, ಸಾರ್ಜನ್ ನೆನಪಾಗಿದ್ದರು.

ಬ್ರಿಕ್‌ಫೀಲ್ಡ್ಸಿನ ಹಳೆಯ ಫ್ಲ್ಯಾಟಿನಲ್ಲಿ ಅವರು ನಮ್ಮ ಎದುರು ಮನೆಯವರು. ಇಲ್ಲಿನ ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದವರು. ಮಲಯ್ ಭಾಷೆಯಲ್ಲಿ ಸಾರ್ಜೆಂಟಿಗೆ ಸಾರ್ಜನ್ ಎನ್ನುತ್ತಾರೆ. ಇಡೀ ಬ್ಲಾಕು ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಕರೆದೆ. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಕಾಯಿಲೆ ಬಿದ್ದ ಹೆಂಡತಿಯನ್ನು ನೋಡಿಕೊಳ್ಳಲೆಂದು ಕೆಲಸ ಬಿಟ್ಟು ಬಂದಿದ್ದರು. ಹೆಂಡತಿ ಉಳಿಯಲಿಲ್ಲ, ಪಿಂಚಣಿಯೂ ಸಿಗಲಿಲ್ಲ. ಬಾಂಗ್ಸಾರಿನ ದೊಡ್ಡವರ ಕಾಂಡೊ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ಗಾರ್ಡ್ ಆಗಿ ನಿಂತು, ಇದ್ದೊಬ್ಬ ಮಗಳನ್ನು ಸಾಕುತ್ತಿದ್ದರು.

ನಾನು ಮಂಗಳೂರಿನಿಂದ ಬಂದ ಹೊಸತು. ಒಂದು ದಿನ ಮೆಟ್ಟಿಲ ಬಳಿ ನಿಂತು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಚೆನ್ನಾಗಿ ಬೈಯುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು, "ಏನಮ್ಮಾ, ನೀವು ನಮ್ಮೋರಾ?" ಸಾರ್ಜನ್ನರ ಅಜ್ಜ ಕೋಲಾರದ ಕಡೆಯಿಂದ ಇಲ್ಲಿಯ ರಬ್ಬರ್ ತೋಟಕ್ಕೆ ಕೂಲಿಯಾಗಿ ಬಂದವರಂತೆ. ಮೂರು ತಲೆಮಾರು ತಮಿಳರ ನಡುವೆ ಬೆಳೆದರೂ ಮನೆಯೊಳಗೆ ಕನ್ನಡ ಉಳಿದಿತ್ತು. ಅರ್ಧ ತಮಿಳು, ಕಾಲು ಮಲಯ್ ಸೇರಿದ ಕನ್ನಡ. ನನ್ನ ಮಂಗಳೂರು ಕನ್ನಡ ಕೇಳಿ ಅವರು ನಗುತ್ತಿದ್ದರು, ಪುಸ್ತಕ ಓದಿದ ಹಾಗೆ ಮಾತಾಡ್ತೀರ ಎಂದು. ಅವರ ಕನ್ನಡಕ್ಕೆ ನಾನೂ ನಗುತ್ತಿದ್ದೆ, ಲೆಕ್ಕ ಚುಕ್ತಾ.

ಅವರಿಗೊಂದು ಅಭ್ಯಾಸವಿತ್ತು. ಎಲ್ಲವನ್ನೂ ವರದಿ ಒಪ್ಪಿಸಬೇಕು. ಲಪೋರ್ ಎನ್ನುವುದು ಅದಕ್ಕೆ ಸೇನೆಯ ಮಾತು. ಡ್ಯೂಟಿಗೆ ಹೊರಟರೆ ನಮ್ಮ ಬಾಗಿಲಲ್ಲಿ ನಿಂತು, "ಅಮ್ಮಾ, ನಾನ್ ಹೊಂಟೆ" ಎನ್ನುತ್ತಿದ್ದರು. ಬಂದರೆ, "ಬಂದೆ." ಲಿಫ್ಟ್ ಕೆಟ್ಟರೆ ಮೊದಲು ಅವರು ಹೇಳಬೇಕು, ಆಮೇಲೆ ನಾವು ಬಯ್ಯಬೇಕು. ಮಾರ್ಕೆಟ್ಟಿನಲ್ಲಿ ಯಾರೋ ಚಿಲ್ಲರೆ ಹೆಚ್ಚು ಕೊಟ್ಟರೆ ವಾಪಸ್ ಹೋಗಿ ಹೇಳಿ ಬಂದು, ಹೇಳಿ ಬಂದೆ ಎಂದು ನಮಗೂ ಹೇಳುತ್ತಿದ್ದರು. ನನ್ನ ಗಂಡ, "ಈ ಮನುಷ್ಯ ಸತ್ತರೆ ಸ್ವರ್ಗದ ಬಾಗಿಲಲ್ಲೂ ಸೆಲ್ಯೂಟ್ ಹೊಡೆದು ಹಾಜರಿ ಹೇಳ್ತಾರೆ" ಎಂದು ಕೀಟಲೆ ಮಾಡುತ್ತಿದ್ದ.

ಸಾರ್ಜನ್ನರಿಗೆ ಇದ್ದದ್ದು ಒಂದೇ ಆಸೆ. ಮಗಳು ಡಿಗ್ರಿ ಮುಗಿಸಬೇಕು. ನಮ್ಮ ಬ್ಲಾಕಿನಲ್ಲಿ ಯಾರ ಮನೆಗೆ ಹೋದರೂ ಹಾಲಿನ ಗೋಡೆಯಲ್ಲಿ ಗೌನು, ಟೋಪಿ ಹಾಕಿದ ಮಗನದ್ದೋ ಮಗಳದ್ದೋ ಫೋಟೊ ಇರುತ್ತಿತ್ತು, ದೇವರ ಪಟಕ್ಕಿಂತ ದೊಡ್ಡದು. "ನಮ್ಮ ವಂಶದಲ್ಲಿ ಅಂಥದ್ದೊಂದ್ ಫೋಟೊ ಇಲ್ಲಮ್ಮಾ" ಎನ್ನುತ್ತಿದ್ದರು. ಹುಡುಗಿ ಜಾಣೆ. ಕೌಲಾಲಂಪುರದ ಒಂದು ಖಾಸಗಿ ಕಾಲೇಜಿನಲ್ಲಿ ಫಾರ್ಮಸಿಗೆ ಸೀಟು ಸಿಕ್ಕಿತು. ಬಡವರೂ ಹೌದು, ಅಂಕವೂ ಇದೆ ಎಂದು ಕಾಲೇಜಿನವರು ಶುಲ್ಕದಲ್ಲಿ ದೊಡ್ಡ ಭಾಗವನ್ನೇ ಬಿಟ್ಟುಕೊಟ್ಟರು. ಉಳಿದದ್ದನ್ನು ಸಾರ್ಜನ್ ಹೇಗೋ ಹೊಂದಿಸುತ್ತಿದ್ದರು. ಎರಡು ವರ್ಷ ಹಾಗೇ ನಡೆಯಿತು.

ಮೂರನೆಯ ವರ್ಷ ಅವರಿಗೆ ಯಾರೋ ಹಳೆಯ ಜೊತೆಗಾರ ಸಿಕ್ಕಿ, ಮಾಜಿ ಸೈನಿಕರ ಮಕ್ಕಳ ಓದಿಗೆ ನೆರವು ಕೊಡುವ ನಿಧಿಯೊಂದಿದೆ, ಪಿಂಚಣಿ ಇಲ್ಲದವರೂ ಕೇಳಬಹುದು ಎಂದ. ಸಾರ್ಜನ್ ಅರ್ಜಿ ಹಾಕಿದರು. ಕೆಲವು ತಿಂಗಳ ಮೇಲೆ ಮಂಜೂರಾಗಿದೆ ಎಂದು ಉತ್ತರ ಬಂತು. ಹಣ ಆಮೇಲೆ ನೇರ ಕಾಲೇಜಿಗೆ ಹೋಗುತ್ತದಂತೆ. ಆ ದಿನದ ಸಾರ್ಜನ್ನರನ್ನು ನೋಡಬೇಕಿತ್ತು... ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ಇಡೀ ಮಹಡಿಗೆ ರೊಟ್ಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದು ಹಂಚಿದರು. "ಸರ್ಕಾರ ನನ್ನ ಮರೆತಿಲ್ಲಮ್ಮಾ" ಎಂದರು. ಇನ್ನು ಕೈಯಿಂದ ಕಟ್ಟುವ ಭಾಗ ಇಳಿಯುತ್ತದೆ, ಮಗಳು ಶನಿವಾರ ಭಾನುವಾರ ಅಂಗಡಿಯಲ್ಲಿ ನಿಂತು ದುಡಿಯುವುದು ತಪ್ಪುತ್ತದೆ ಎಂಬುದು ಅವರ ಲೆಕ್ಕ. ನಾನು ಲೆಕ್ಕಪತ್ರದ ಕೆಲಸದವಳು, ನನಗೂ ಅದು ಸರಿಯಾದ ಲೆಕ್ಕವಾಗಿಯೇ ಕಂಡಿತ್ತು.

ಮರುದಿನವೇ ಅವರು ಇಸ್ತ್ರಿ ಮಾಡಿದ ಶರಟು ಹಾಕಿ ಕಾಲೇಜಿಗೆ ಹೋಗಿ ಲಪೋರ್ ಮಾಡಿ ಬಂದರು. ಯಾರೂ ಕೇಳಿರಲಿಲ್ಲ. ಇಂಥ ನೆರವು ಮಂಜೂರಾಗಿದೆ, ತಮ್ಮ ಗಮನಕ್ಕೆ ಇರಲಿ ಎಂದು ತಾವಾಗಿಯೇ ಹೇಳಿದರು. ಕಾಲೇಜಿನವರು ಕುರ್ಚಿ ಕೊಟ್ಟು ಕೂರಿಸಿ, ಟೀ ತರಿಸಿದರಂತೆ. ನಮ್ಮಲ್ಲಿ ಯೋಧರ ಮಕ್ಕಳನ್ನು ಗೌರವಿಸುವ ಸಮಾರಂಭ ಮಾಡುತ್ತೇವೆ, ಸೇನೆಯ ಬೆರೆ ಟೋಪಿ, ಪದಕ ಎಲ್ಲ ಧರಿಸಿ ಬನ್ನಿ ಎಂದರಂತೆ.

ಸಮಾರಂಭಕ್ಕೆ ನಾನೂ ಹೋಗಿದ್ದೆ. ಸಾರ್ಜನ್ ಬೆರೆಯನ್ನು ನೀರಲ್ಲಿ ಅದ್ದಿ, ತಲೆಯ ಮೇಲೇ ಇಟ್ಟು ಒಣಗಿಸಿ, ಆಕಾರ ತಂದುಕೊಂಡಿದ್ದರು. ವೇದಿಕೆಯ ಮೇಲೆ ಕಾಲೇಜಿನ ಮುಖ್ಯಸ್ಥರು ಒಂದು ತುದಿ, ಇವರು ಒಂದು ತುದಿ ಹಿಡಿದ ಚೆಕ್ಕು. ಮೊತ್ತ ನೋಡಿದೆ. ಅದು ಸೈನಿಕರ ನಿಧಿಯವರು ಕೊಡುತ್ತೇವೆಂದಿದ್ದ ಮೊತ್ತವೇ. ಕೊಡುವವರ ಹೆಸರಿನ ಜಾಗದಲ್ಲಿ ಮಾತ್ರ ಕಾಲೇಜಿನ ಹೆಸರು! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಫೋಟೊದವನು, "ಅಂಕಲ್, ಮೇಲೆ ಹಿಡೀರಿ, ಇನ್ನೂ ಮೇಲೆ" ಎಂದ. ಅವರು ಎದೆಯ ಪದಕಗಳು ಮುಚ್ಚದ ಹಾಗೆ ತಲೆಯ ಮಟ್ಟಕ್ಕೆ ಎತ್ತಿ ಹಿಡಿದು ನಿಂತರು. ಹೊಸ ಬಣ್ಣದ ವಾಸನೆ ಮೂರನೆಯ ಸಾಲಿನಲ್ಲಿದ್ದ ನನ್ನ ತನಕ ಬರುತ್ತಿತ್ತು. ಕೆಳಗಿಳಿಯುವಾಗ ಒಬ್ಬಳು ಬಂದು ಆ ಬೋರ್ಡನ್ನೂ ಅವರ ಕೈಯಿಂದ ತೆಗೆದುಕೊಂಡಳು. ಬರುವ ವರ್ಷ ಹೆಸರಿನ ಮೇಲೆ ಸ್ಟಿಕರ್ ಹಚ್ಚಿದರೆ ಆಯಿತಂತೆ.

ಪರೀಕ್ಷೆ ಹತ್ತಿರ ಬಂತು. ಹುಡುಗಿ ಕಾಲೇಜಿನ ವೆಬ್‌ಸೈಟಿನಲ್ಲಿ ಪರೀಕ್ಷೆಯ ಸ್ಲಿಪ್, ಅಂದರೆ ಹಾಲ್ ಟಿಕೆಟ್, ತೆಗೆಯಲು ಹೋದರೆ ಬರಲಿಲ್ಲ. ಶುಲ್ಕ ಬಾಕಿ ಇದೆ, ಸ್ಲಿಪ್ ತಡೆಹಿಡಿಯಲಾಗಿದೆ ಎಂದು ಕೆಂಪಕ್ಷರ. ಅವಳು ಅಳುತ್ತ ನನ್ನ ಬಳಿ ಬಂದಳು. "ಆಂಟಿ, ದಿಸ್ ಮಸ್ಟ್ ಬಿ ಎ ಮಿಸ್ಟೇಕ್, ರೈಟ್?" ಎಂದಳು. ನಾನೂ ಹಾಗೇ ಅಂದುಕೊಂಡೆ. ಮರುದಿನ ರಜೆ ಹಾಕಿ ಅಪ್ಪ ಮಗಳ ಜೊತೆ ಕಾಲೇಜಿನ ಹಣಕಾಸು ಕೌಂಟರಿಗೆ ಹೋದೆ.

ಕೌಂಟರಿನ ಹುಡುಗಿ ವಿನಯವಂತೆ. ಕಂಪ್ಯೂಟರ್ ನೋಡಿ ಹೇಳಿದಳು, "ಅಂಕಲ್, ನಿಮಗೆ ಹೊರಗಿನ ನೆರವು ಸಿಕ್ಕಿದೆಯಲ್ಲ, ಅಷ್ಟೇ ಮೊತ್ತವನ್ನ ನಮ್ಮ ರಿಯಾಯಿತಿಯಿಂದ ಕಡಿಮೆ ಮಾಡಿದೀವಿ. ಡಬಲ್ ಬೆನಿಫಿಟ್ ಇಲ್ಲ. ಪಾಲಿಸಿ ಲಾ." ಮಾತಿನ ಕೊನೆಗೊಂದು ಲಾ ಹಚ್ಚುವುದು ಇಲ್ಲಿಯವರ ರೂಢಿ.

ಸಾರ್ಜನ್ನರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ಆದ ಕೂಡಲೇ ಮೈ ಉರಿಯಿತು. ಸೈನಿಕನಿಗೆಂದು ಬಂದದ್ದರಿಂದ ಸೈನಿಕನ ಮಗಳ ಹೊರೆ ಒಂದು ಬಿಡಿಗಾಸಿನಷ್ಟೂ ಇಳಿದಿರಲಿಲ್ಲ. ಕಾಲೇಜಿನ ಹೊರೆ ಇಳಿದಿತ್ತು, ಅಷ್ಟೇ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಪ್ರಸಾದ ಕಿತ್ತುಕೊಂಡು, ಮೇಲಿಂದ ಭಕ್ತನ ಫೋಟೊ ಬೇರೆ ತೆಗೆಸಿಕೊಂಡಿದ್ದ.

"ಡಬಲ್ ಎಲ್ಲಿ ಬಂತು?" ಎಂದು ನಾನು ದನಿ ಏರಿಸಿದೆ. "ನಿಧಿಯವರ ಹಣ ಇನ್ನೂ ಬರಲಿಲ್ಲ. ನೀವು ಕೊಟ್ಟದ್ದನ್ನು ಈಗಲೇ ತೆಗೆದಿರಿ. ಈಗ ಇವಳ ಕೈಯಲ್ಲಿ ಸಿಂಗಲ್ಲೂ ಇಲ್ಲವಲ್ಲ!"

"ಮಂಜೂರಾದ ದಿನದಿಂದ ಲೆಕ್ಕ, ಮೇಡಂ." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಅಂಕಲ್, ಹಣ ಬಂದ ಮೇಲೆ ಹೇಳಿದ್ರೆ ಆಗ್ತಿತ್ತು. ಮೊದಲೇ ಯಾಕೆ ಬಂದು ಹೇಳಿದ್ರಿ?"

ನಿಯಮ ಮಾಡಿದವರ ಮೇಲೆ ಎಷ್ಟು ಸಿಟ್ಟು ಬಂತೋ ಮೆಟ್ಟಿಲಿಳಿಯುವಾಗ ಅಷ್ಟೇ ಸಿಟ್ಟು ನನಗೆ ಸಾರ್ಜನ್ನರ ಮೇಲೂ ಬಂತು. "ಎಂತ ಮಾರಾಯ್ರೆ ನೀವು! ಕೇಳದವರಿಗೆ ಹೇಳ್ಲಿಕ್ಕೆ ಹೋದದ್ದು ಯಾಕೆ?" ಎಂದೆ. ಅವರು ನಿಂತು, "ಸರ್ಕಾರ ಕೊಡ್ತೀನಿ ಅಂದ್ಮೇಲೆ ಬಚ್ಚಿಟ್ಕೊಂಡ್ರೆ ಅದು ಕಳ್ಳತನ ಅಲ್ವೇನಮ್ಮಾ?" ಎಂದರು.

ಆಮೇಲಿನ ದಿನಗಳು ಅತ್ತ ದರಿ, ಇತ್ತ ಪುಲಿ. ನಿಧಿಯ ಕಚೇರಿಯವರು ಹಣ ಬರುವ ದಾರಿಯಲ್ಲಿದೆ, ತಾಳಿಕೊಳ್ಳಿ ಎಂದರು. ಬರುವುದು ಗ್ಯಾರಂಟಿ ಎಂದು ಒಂದು ಮಾತು ಕಾಲೇಜಿಗೆ ಹೇಳಿ ಎಂದರೆ, ಅದು ನಮ್ಮ ಕೆಲಸವಲ್ಲ ಎಂದರು. ಬಂದ ಮೇಲೆ ಸ್ಲಿಪ್ ಬಿಡುತ್ತೇವೆ ಎಂದರು ಕಾಲೇಜಿನವರು. ಬಾಕಿಯನ್ನು ನಾವು ಕಟ್ಟುತ್ತೇವೆ, ಹಣ ಬಂದಾಗ ಕೊಡಿ ಎಂದು ನಾನೂ ಗಂಡನೂ ಹೇಳಿದೆವು. ಸಾರ್ಜನ್ ಕೈ ಅಡ್ಡ ಹಿಡಿದರು. "ಬೇಡಮ್ಮಾ. ಅವತ್ತು ಸ್ಟೇಜಿನ ಮೇಲೆ ಕೈ ಕುಲುಕಿದ್ರಲ್ಲ ದೊಡ್ಡೋರು, ಅವ್ರಿಗೆ ಈ ಕೆಳಗಿನ ವಿಷ್ಯ ಗೊತ್ತಿರಕ್ಕಿಲ್ಲ. ಒಂದ್ಸಲ ಕಂಡು ಹೇಳಿದ್ರೆ ಸರಿ ಮಾಡ್ತಾರೆ."

ಬೆರೆ, ಪದಕ ಹಾಕಿಕೊಂಡು ಹೋಗಿ ಆ ದೊಡ್ಡವರ ಕೋಣೆಯ ಹೊರಗೆ ಕೂರತೊಡಗಿದರು. ಮೇಲಿನವನಿಗೆ ಗೊತ್ತಾದರೆ ತಪ್ಪು ಸರಿಯಾಗುತ್ತದೆ ಎಂಬ ನಂಬಿಕೆ ಸೇನೆ ಅವರಿಗೆ ಕೊಟ್ಟ ಶಾಪ. ಒಂದು ದಿನ ಮೀಟಿಂಗ್, ಇನ್ನೊಂದು ದಿನ ಊರಲ್ಲಿಲ್ಲ, ಮತ್ತೊಂದು ದಿನ ಹಿಂದಿನ ಬಾಗಿಲಿಂದ ಹೊರಟು ಹೋದರು... ಕೊನೆಗೆ ಅಪ್ಪನಿಗೆ ತಿಳಿಯದ ಹಾಗೆ ಮಗಳೇ ನನ್ನಿಂದ ಹಣ ತೆಗೆದುಕೊಳ್ಳಲು ಒಪ್ಪಿದಳು. ನಾವು ಕಟ್ಟಲು ಹೋದಾಗ ಸ್ಲಿಪ್ ಕೊಡುವ ಗಡುವು ಹಿಂದಿನ ಸಂಜೆಯೇ ಮುಗಿದಿತ್ತು.

ಪರೀಕ್ಷೆ ನಡೆದು ಹೋಯಿತು. ಅವಳು ಬರೆಯಲಿಲ್ಲ. ನಿಧಿಯ ಹಣ ಆಮೇಲೆ ನಿಧಾನವಾಗಿ ಬಂದು, ಬಾಕಿ ಎಂದು ತೋರಿಸಿದ್ದ ಗುಂಡಿಯನ್ನು ಮುಚ್ಚಿತು. ಆದರೆ ಪರೀಕ್ಷೆಗೆ ಕೂರದವಳು ಆ ಸೆಮಿಸ್ಟರನ್ನು ಮತ್ತೆ ಓದಬೇಕು, ಶುಲ್ಕವನ್ನೂ ಮತ್ತೆ ಕಟ್ಟಬೇಕು. ಎರಡನೇ ಸಲದ ಓದಿಗೆ ನಿಧಿ ಕೊಡುವುದಿಲ್ಲ. ಕಾಲೇಜಿನ ರಿಯಾಯಿತಿಯಾದರೂ? ಅದು ಪ್ರತಿ ಸೆಮಿಸ್ಟರ್ ಪಾಸಾದವರಿಗೆ ಮಾತ್ರವಂತೆ. ಪರೀಕ್ಷೆಗೆ ಕೂರಲು ಬಿಡದವರೇ, ಪಾಸಾಗಲಿಲ್ಲವೆಂದು ಉಳಿದದ್ದನ್ನೂ ಕಿತ್ತುಕೊಂಡರು. ಇದರಲ್ಲಿ ಒಂದು ನಿಯಮವನ್ನೂ ಯಾರೂ ಮುರಿದಿರಲಿಲ್ಲ. ಇಷ್ಟು ವರ್ಷ ಆಫೀಸಿನಲ್ಲಿ ಲೆಕ್ಕ ಬರೆದಿದ್ದೇನೆ, ಇಷ್ಟು ಶುದ್ಧವಾದ ಮೋಸವನ್ನು ನಾನು ನೋಡಿಲ್ಲ.

ಸಾರ್ಜನ್ ಗಾರ್ಡ್ ಕೆಲಸದ ಮೇಲೆ ಇನ್ನೊಂದು ಗಾರ್ಡ್ ಕೆಲಸ ಹಿಡಿದರು. ಮಗಳು ಒಂದು ವರ್ಷ ದುಡಿದು ಹಣ ಕೂಡಿಸಿ ಮತ್ತೆ ಸೇರುತ್ತೇನೆ ಎಂದಳು. "ಒಂದೇ ವರ್ಷ ಅಲ್ವಾ ಪಾ" ಎಂದು ಅವಳು ಅಪ್ಪನ ಬೆನ್ನು ಸವರುತ್ತಿದ್ದದ್ದು ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಆ ವರ್ಷ ಮುಗಿಯುವ ಮೊದಲೇ ಅವರು ಬಾಂಗ್ಸಾರಿನ ಗೇಟಿನ ಬಳಿ ಕುಸಿದು ಬಿದ್ದರು. ಡಾಕ್ಟರು ಹೃದಯ ಎಂದರು. ಅವರು ಹಾಗೆನ್ನಲೇಬೇಕು, ಕಾಗದದಲ್ಲಿ ಬೇರೆ ಏನು ಬರೆಯಲು ಬರುತ್ತದೆ? ಅಂತ್ಯಸಂಸ್ಕಾರಕ್ಕೆ ಹಳೆಯ ಜೊತೆಗಾರರು ಬಂದಿದ್ದರು. ಕಾಲೇಜಿನಿಂದ ಒಂದು ಹೂವಿನ ಹಾರ ಬಂದಿತ್ತು, ಅದರ ಮೇಲೆ ಕಾಲೇಜಿನ ಹೆಸರು ದೊಡ್ಡದಾಗಿ. ನಾನದನ್ನು ಎತ್ತಿ ಕಸದ ಡಬ್ಬಕ್ಕೆ ಹಾಕಿದೆ, ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಕೂಡಿಸಿದ್ದೆಲ್ಲ ಆಸ್ಪತ್ರೆಗೂ ಮಣ್ಣಿಗೂ ಹೋಯಿತು. ಹುಡುಗಿ ಮತ್ತೆ ಕಾಲೇಜಿಗೆ ಹೋಗಲಿಲ್ಲ.

ಕಳೆದ ವಾರ ಆಫೀಸಿನಿಂದ ಹೊರಗೆ ಬಂದವಳು, ಯಾಕೋ ಫೋನಿನಲ್ಲಿ ಆ ಕಾಲೇಜಿನ ಪುಟ ತೆರೆದೆ. ಇತ್ತು. ಸಾರ್ಜನ್ ಇದ್ದರು! ಬೆರೆ ಹಾಕಿ, ಪದಕ ತೊಟ್ಟು, ಚೆಕ್ಕು ಎತ್ತಿ ಹಿಡಿದು, ಹಲ್ಲು ಬಿಟ್ಟು ನಗುತ್ತ... ಕೆಳಗೆ ಎರಡು ಸಾಲು. ಈ ವೀರ ಯೋಧನ ಮಗಳು ನಮ್ಮ ನೆರವಿನಿಂದ ಫಾರ್ಮಸಿ ಪದವಿ ಮುಗಿಸಿದ್ದಾಳೆ, ನಿಮ್ಮ ಮಕ್ಕಳನ್ನೂ ಸೇರಿಸಿ ಎಂದು.

ನೇರ ಬಾಂಗ್ಸಾರಿಗೆ ಹೋದೆ. ಅವಳು ಅಲ್ಲಿ ಒಂದು ಔಷಧದಂಗಡಿಯಲ್ಲಿ ಶಾಂಪೂ, ವಿಟಮಿನ್ ಮಾರುವ ಕೌಂಟರಿನಲ್ಲಿ ನಿಲ್ಲುತ್ತಾಳೆ. ಫೋನು ಅವಳ ಮುಂದೆ ಹಿಡಿದು, "ನೋಡು, ಎಂಥ ಸುಳ್ಳು ಬರೆದಿದ್ದಾರೆ! ಇವತ್ತೇ ತೆಗೆಸುವಾ. ಲಾಯರ್ ಒಬ್ಬರು ನನ್ನ ಪರಿಚಯದವರಿದ್ದಾರೆ" ಎಂದೆ.

ಅವಳು ಬೆರಳಿನಿಂದ ಅಪ್ಪನ ಮುಖವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಕೆಳಗಿನ ಸಾಲುಗಳನ್ನು ಓದಿದಳು.

"ಬೇಡ ಆಂಟಿ. ಲೀವ್ ಇಟ್ ಲಾ" ಎಂದಳು. "ಅಲ್ಲಾದ್ರೂ ಅಪ್ಪನ್ ಮಗಳು ಡಿಗ್ರಿ ಮುಗಿಸವ್ಳಲ್ಲ. ಇರ್ಲಿ ಬಿಡಿ."

ಅಷ್ಟರಲ್ಲಿ ಒಬ್ಬಾತ ಡಾಕ್ಟರ ಚೀಟಿ ಹಿಡಿದು ಬಂದು ಅವಳ ಮುಂದೆ ಚಾಚಿದ. ಅದನ್ನು ಅವಳು ಮುಟ್ಟುವ ಹಾಗಿಲ್ಲ. ಒಂದು ನಿಮಿಷ ಸರ್ ಎಂದು, ಅವಳು ಒಳಗೆ ತಿರುಗಿ ಫಾರ್ಮಸಿಸ್ಟರನ್ನು ಕೂಗಿದಳು.