ಒರಸೋ ದಿನ

ಕಾರ್ಖಾನೆಯೊಂದರಲ್ಲಿ ವೆಲ್‌ಫೇರ್ ಆಫೀಸರ್ ಆಗಿದ್ದುಕೊಂಡೇ ನಾನು ಸಂಜೆಯ ಸ್ನಾತಕೋತ್ತರ ಡಿಪ್ಲೊಮಾಗೆ ಸೇರಿದ್ದೆ. ಅಪಘಾತ ಕಂಡ ಮನಸ್ಸು ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದೇ ಪಾಠ. ಹೊಸ ವಿದ್ಯೆಯ ಹುರುಪು ಎಷ್ಟಿತ್ತೆಂದರೆ, ಮುಂಬೈ ಲೋಕಲ್ ರೈಲಿನಲ್ಲಿ ಪಕ್ಕದವರು ನಿಟ್ಟುಸಿರು ಬಿಟ್ಟರೂ ಅವರತ್ತ ತಿರುಗಿ ಕೂರುತ್ತಿದ್ದೆ.

ಪ್ರಾಜೆಕ್ಟ್‌ಗೆಂದು ಬೈಕುಲ್ಲಾದ ಒಂದು ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಟರ್ನರ್ ಗಣಪತ್‌ನ ಎರಡು ಬೆರಳು ಲೋಹ ಕಡೆಯುವ ಲೇತ್ ಮಷಿನ್‌ಗೆ ಸಿಕ್ಕಿ ತುಂಡಾಗಿದ್ದವು. ಗಾಯ ಮಾಗಿದ್ದರೂ ಮಷಿನ್ ಹತ್ತಿರ ಬಂದರೆ ಕೈ ನಡುಗುತ್ತಿತ್ತು. ನಾನು ಪ್ರಶ್ನಾವಳಿ ಬಿಚ್ಚಿದೆ. ವಿಜಾಪುರ ಕಡೆಯ ಮೇಸ್ತ್ರಿ ಹುಸೇನ್‌ಸಾಬ್ ತಡೆದರು.

"ಸ್ವಲ್ಪ ತಡೀರಿ ಸಾಹೇಬ್ರ. ಇವತ್ತ ಅವಂದು ಒರಸೋ ದಿನ ಐತಿ."

ಅವರಲ್ಲಿ ಪದ್ಧತಿಯೇ ಹಾಗಂತೆ. ಪೆಟ್ಟು ತಿಂದವನು ಮೊದಲ ವಾರ ಮಷಿನ್ ಪಕ್ಕ ಕೂತು ಚಹಾ ಕುಡಿಯಬೇಕು, ಅಷ್ಟೇ. ಎರಡನೇ ವಾರ ಅದನ್ನು ಒರೆಸಿ ಎಣ್ಣೆ ಹಾಕಬೇಕು. ಮೂರನೇ ವಾರ ಮೇಸ್ತ್ರಿ ಜೊತೆಗೆ ನಿಂತಾಗ ಸ್ವಿಚ್ ಒತ್ತಬೇಕು.

ಹೆದರಿಸಿದ್ದರ ಹತ್ತಿರಕ್ಕೆ ಹಂತಹಂತವಾಗಿ ಹೋಗಬೇಕೆನ್ನುವ ನಮ್ಮ ಪಠ್ಯದ ನಾಲ್ಕನೇ ಅಧ್ಯಾಯ ಕಣ್ಣೆದುರೇ ನಡೆಯುತ್ತಿತ್ತು. "ಇದನ್ನೇ ನಾವು ಎರಡು ವರ್ಷ ಓದ್ತೀವಿ" ಅಂದೆ.

"ಎರಡು ವರ್ಷ?" ಹುಸೇನ್‌ಸಾಬ್ ಕನಿಕರದಿಂದ ನೋಡಿದರು. "ನಿಮಗೇನ ಪೆಟ್ಟ ಆಗಿತ್ತರಿ?"

ಮುಂದಿನ ವಾರ ಆಫೀಸಿಗೆ ರಜೆ ಹಾಕಿ ಮತ್ತೆ ಹೋದೆ. ಉಳಿದವರೆಲ್ಲ ತಮ್ಮ ತಮ್ಮ ಮಷಿನ್ ನಿಲ್ಲಿಸಿದರು. ಗಣಪತ್ ಸ್ವಿಚ್ ಒತ್ತಿದ. ಇಡೀ ಶೆಡ್ಡಿನಲ್ಲಿ ಒಂದೇ ಲೇತಿನ ಸದ್ದು. ಅವನ ಕೈ ನಡುಗಲಿಲ್ಲ.

ರಾತ್ರಿಯೆಲ್ಲ ಕೂತು ಬರೆದ ಪ್ರಬಂಧದ ಅಂಚಿನಲ್ಲಿ ಪ್ರೊಫೆಸರರು ಕೆಂಪು ಶಾಯಿಯಲ್ಲಿ ಕೇಳಿದ್ದರು: "ಆಧಾರ ಗ್ರಂಥ ಯಾವುದು?"

ಕೆಳಗೆ ಬರೆದುಕೊಟ್ಟೆ: "ಬೈಕುಲ್ಲಾ, ಬಾಗಿಲಿನಿಂದ ಮೂರನೇ ಲೇತ್."